ಕಾಯಲೊಲ್ಲದ ಖಲೀಲುಲ್ಲಾ

ಸ್ವೀಡನ್ನಿನ ಕನ್ನಡದವರ ನಡುವೆ ಖಲೀಲುಲ್ಲಾನ ಪ್ರಾಸ್ಟೇಟ್ ಗ್ರಂಥಿಯಷ್ಟು ಹೆಸರು ಮಾಡಿದ ಅಂಗ ಇನ್ನೊಂದಿಲ್ಲ. ಹೆಸರು ಮಾಡಿಸಿದವನು ಅವನೇ. ಯುಗಾದಿ ಊಟಕ್ಕೆಂದು ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಎರಡನೆಯ ಸಲ ಹೋಳಿಗೆ ಬರುವ ಹೊತ್ತಿಗೆ ಯಾರೋ "ಈಗ ಆರೋಗ್ಯ ಹೇಗಿದೆ ಸಾಹೇಬ್ರೇ?" ಎಂದರು. ಅಷ್ಟು ಸಾಕಾಯಿತು. ಅವನು ಎಲೆಯ ಮುಂದೆಯೇ ಎದ್ದು ನಿಂತ.

"ಕ್ಯಾನ್ಸರ್ ಇದೆ ಅಂತ ಹೇಳಿದ್ದೂ ಇವರೇ, ಕಾಯೋಣ ಅಂದಿದ್ದೂ ಇವರೇ. ಮನೇಲಿ ಹಾವು ಸೇರ್ಕೊಂಡಿದೆ, ಕಚ್ಚುತ್ತೋ ಇಲ್ವೋ ನೋಡೋಣ ಅಂದ್ಹಾಗೆ. ನಾನು ಕಾಯ್ಲಿಲ್ಲ. ಬೆಂಗಳೂರಿಗೆ ಟಿಕೆಟ್ ತಗೊಂಡೆ, ತೆಗೆಸಿ ಬಿಸಾಕಿ ಬಂದೆ. ಇವತ್ತು ನಿಮ್ಮ ಮುಂದೆ ನಿಂತು ಹೋಳಿಗೆ ತಿಂತಾ ಇದೀನಿ."

ಗಂಡಸರು ಚಪ್ಪಾಳೆ ತಟ್ಟಿದರು. ಐವತ್ತು ದಾಟಿದವರು ಸ್ವಲ್ಪ ಜೋರಾಗಿಯೇ ತಟ್ಟಿದರು. ಲಿಂಕೋಪಿಂಗ್‌ನಿಂದ ಬಂದಿದ್ದ ವಿಮಾನ ಕಂಪನಿಯ ಎಂಜಿನಿಯರ್ ನಂದಕುಮಾರ ಎದ್ದು ಬಂದು ಕೈ ಕುಲುಕಿದ. ಉಪ್ಸಾಲಾದ ವಿಠ್ಠಲ ಆ ಸರ್ಜನ್ ಯಾರು, ಯಾವ ಆಸ್ಪತ್ರೆ ಎಂದು ಕೇಳಿ ಫೋನಿಗೆ ಇಳಿಸಿಕೊಂಡ. ಖಲೀಲುಲ್ಲಾ ಅಂದು ಕಪ್ಪು ಪ್ಯಾಂಟು ಹಾಕಿದ್ದ. ಪ್ಯಾಂಟಿನೊಳಗೆ ಪ್ಯಾಡ್ ಇತ್ತು. ಅದರ ಬಗ್ಗೆ ಭಾಷಣದಲ್ಲಿ ಒಂದಕ್ಷರವೂ ಇರಲಿಲ್ಲ.

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಸರ್ಜನ್ "ಕೆಲವು ತಿಂಗಳು ಉಚ್ಚೆ ಸೋರಬಹುದು" ಎಂದಿದ್ದ. ಆ ತಿಂಗಳುಗಳು ಇನ್ನೂ ಮುಗಿದಿಲ್ಲ, ಮುಗಿಯುತ್ತವೆ ಎಂದು ಖಲೀಲುಲ್ಲಾ ನಂಬಿದ್ದ. ಮುಗಿಯುವುದರ ಬಗ್ಗೆ ಯಾಕೆ ಮಾತು ಎಂದುಕೊಂಡ. ಅಷ್ಟೇ.

ಅವನು ದಾವಣಗೆರೆಯವನು. ಅಪ್ಪ ಹತ್ತಿ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ; ಮಗ ಡಿಪ್ಲೊಮಾ ಮುಗಿಸಿ ಅದೇ ಗಿರಣಿಗೆ ಫಿಟ್ಟರ್ ಆಗಿ ಸೇರಿದ. ಸೇರಿ ಕೈಗೆ ಎಣ್ಣೆ ಮೆತ್ತುವಷ್ಟರಲ್ಲಿ ಗೇಟಿಗೆ ಬೀಗ ಬಿತ್ತು. ಗೇಟಿನ ಮುಂದೆ ಚಪ್ಪರ ಹಾಕಿ ಕೂತರು. ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಕಾಯಿರಿ ಎಂದ. ಮಂತ್ರಿಯ ಕಡೆಯವನು ಬಂದು ಕಾಯಿರಿ ಎಂದ. ಕಾದರು. ಮುಂದಿನ ಗೇಟಿನಲ್ಲಿ ಇವರು ಘೋಷಣೆ ಕೂಗುತ್ತ ಕಾಯುತ್ತಿದ್ದರೆ, ಹಿಂದಿನ ಗೇಟಿನಿಂದ ಮಗ್ಗಗಳು ಲಾರಿ ಹತ್ತಿ ಹೋಗುತ್ತಿದ್ದವು. ಕೊನೆಗೆ ಬೀಗ ತೆಗೆದಾಗ ಒಳಗೆ ಪಾರಿವಾಳದ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಕಾಯಿರಿ ಎನ್ನುವುದು ಮಾಲೀಕರ ಮಾತು ಎಂಬುದನ್ನು ಅವನು ಕಲಿತದ್ದು ಅಲ್ಲಿ.

ಆಮೇಲೆ ದುಬೈ, ಅಲ್ಲಿಂದ ಸ್ವೀಡನ್ನಿನ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆ. ಇಲ್ಲಿಯೂ ಒಮ್ಮೆ ಆಯಿತು. ಬಣ್ಣದ ವಿಭಾಗದಲ್ಲಿ ಹೊಗೆ ಎಳೆಯುವ ಫ್ಯಾನು ಕೆಟ್ಟಿತು. ಯೂನಿಯನ್ನಿನ ಸ್ವೀಡಿಷ್ ನಾಯಕ, ಮೀಟಿಂಗ್ ಇದೆ, ಅಲ್ಲಿಯತನಕ ತಾಳ್ಮೆ ಇರಲಿ ಎಂದ. ಖಲೀಲುಲ್ಲಾ ಹೋಗಿ ಲೈನಿನ ಕೆಂಪು ಗುಂಡಿ ಒತ್ತಿ ಬೆಂಚಿನ ಮೇಲೆ ಕೂತುಬಿಟ್ಟ. ಸಂಜೆಯೊಳಗೆ ಹೊಸ ಫ್ಯಾನು ಬಂತು. ಎರಡು ಸಲ ನಿಜವಾದ ಬುದ್ಧಿಯನ್ನು ಮೂರನೆಯ ಸಲ ಯಾರು ಅನುಮಾನಿಸುತ್ತಾರೆ?

ಮೂರನೆಯ ಸಲ ಎದುರಿಗೆ ಕೂತಿದ್ದವಳು ಮಾಲಿನ್ ಎಂಬ ಡಾಕ್ಟರ್. ರಕ್ತದಲ್ಲಿ ಏನೋ ಹೆಚ್ಚಿದೆಯೆಂದು ಸೂಜಿ ಹಾಕಿ ಪ್ರಾಸ್ಟೇಟಿನ ಚೂರುಗಳನ್ನು ತೆಗೆದಿದ್ದರು. ಅವುಗಳಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಜೊತೆಗೆ ಬಂದಿದ್ದ ಮಗಳು ಫರ್ಹತ್‌ಳನ್ನು ಅವನು ಹೊರಗೇ ಕೂರಿಸಿದ್ದ. ಗಿಯರ್‌ಬಾಕ್ಸಿನ ಸ್ವೀಡಿಷ್ ಅವನಿಗೆ ಸಲೀಸು. ಹೊಟ್ಟೆಯಿಂದ ಕೆಳಗಿನ ಸ್ವೀಡಿಷ್ ಮಾತ್ರ ಬರುತ್ತಿರಲಿಲ್ಲ. ಬಂದಿದ್ದರೂ ಮಗಳ ಮುಂದೆ ಆಡುತ್ತಿರಲಿಲ್ಲ. ಲಾರಿ ಕಾರ್ಖಾನೆಯವನೆಂದು ತಿಳಿದು ಮಾಲಿನ್ ಬ್ರೇಕಿನ ಲೆಕ್ಕದಲ್ಲಿ ವಿವರಿಸಿದಳು.

ಕೋಶಗಳ ಆಕಾರ ನೋಡಿದರೆ ಇದು ನಿಧಾನದ್ದು ಎಂದಳು. ಆದರೆ ಆಕಾರ ಎಲ್ಲವನ್ನೂ ಹೇಳುವುದಿಲ್ಲ. ಒಂದೇ ಆಕಾರದ ಎರಡು ಗಡ್ಡೆಗಳಲ್ಲಿ ಒಂದು, ಮನುಷ್ಯ ಬೇರೆ ಯಾವುದೋ ಕಾರಣಕ್ಕೆ ಸಾಯುವತನಕ ಸುಮ್ಮನೆ ಬಿದ್ದಿರುತ್ತದೆ. ಇನ್ನೊಂದು ಹರಡಿ ಮೂಳೆಗೆ ಇಳಿಯುತ್ತದೆ. ಯಾವುದು ಯಾವುದೆಂದು ತಿಳಿಯುವುದಕ್ಕೆ ತೆಗೆದ ಚೂರನ್ನೇ ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ಕೋಶ ಹದ್ದುಮೀರಿ ಬೆಳೆಯದಂತೆ ಬ್ರೇಕ್ ಹಿಡಿಯುವ ಒಂದು ಪ್ರೋಟೀನ್ ಇದೆ. ಅದಿದ್ದರೆ ಚೂರು ಕಂದು ಬಣ್ಣ ಹಿಡಿಯುತ್ತದೆ. ಇಲ್ಲದಿದ್ದರೆ ಬಿಳಚಿಕೊಂಡೇ ಇರುತ್ತದೆ. ಇನ್ನೊಂದು ಪ್ರೋಟೀನ್, ಒಡೆದು ಎರಡಾಗಲು ಹೊರಟ ಕೋಶಗಳಲ್ಲಿ ಮಾತ್ರ ಕಾಣುತ್ತದೆ. ಉತ್ತರದ ಉಮೆಯೊ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡನ್ನೂ ನೋಡುತ್ತಿದ್ದಾರೆ. ನೀವು ಒಪ್ಪಿದರೆ ನಿಮ್ಮ ಚೂರನ್ನೂ ಕಳಿಸುತ್ತೇವೆ. ಏನು ಕಂಡಿತೆಂದು ನಮಗೆ ತಿಳಿಸುತ್ತಾರೆ. ವಸಂತದ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಆಗಾಗ ರಕ್ತ ನೋಡೋಣ, ಕಾಯೋಣ.

"ಚೂರು ತಾನೆ, ಕಳಿಸಿ" ಎಂದ ಖಲೀಲುಲ್ಲಾ. ಕೊನೆಯ ಮಾತಿಗೆ ಮಾತ್ರ ಒಪ್ಪದೆ ಎದ್ದು ಬಂದ.

ಮನೆಗೆ ಬಂದು ಜಾಕೆಟ್ಟೂ ಬಿಚ್ಚದೆ ಶುರುಮಾಡಿದ. ಮನೆಯಲ್ಲಿ ದಖ್ಖನಿ ಉರ್ದು, ಕನ್ನಡ ಎರಡೂ ನಡೆಯುತ್ತಿದ್ದವು. ಜಗಳಕ್ಕೆ ಮಾತ್ರ ಕನ್ನಡವೇ ಆಗಬೇಕು.

"ನನ್ನ ಬಣ್ಣ ಬಿಳಿ ಇದ್ದಿದ್ರ ಕಾಯಿಸ್ತಿದ್ರೇನು?"

ಫರ್ಹತ್ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದಳು. ಕೊಮ್ಯೂನ್ ಕಚೇರಿಯಲ್ಲಿ, ಅಂದರೆ ಇಲ್ಲಿಯ ನಗರಸಭೆಯಲ್ಲಿ, ದಿನವಿಡೀ ಇಂಥವರನ್ನು ಸಮಾಧಾನ ಮಾಡುವುದೇ ಅವಳ ಕೆಲಸ. "ನಿಮ್ ಫೋರ್‌ಮನ್‌ಗೂ ಇದನ್ನೇ ಹೇಳಿದಾರಂತೆ ಅಬ್ಬಾ. ಅವ್ರು ವರ್ಷಗಟ್ಲೆಯಿಂದ ಕಾಯ್ತಾ ಮೀನು ಹಿಡೀತಾ ಇದಾರೆ. ಕಾಯೋದು ಅಂದ್ರೆ ಇವ್ರು ಮರೆತುಬಿಡ್ತಾರೆ ಅಂತಲ್ಲ. ನೋಡ್ತಾ ಇರ್ತಾರೆ. ಏನಾದ್ರೂ ಚೇಂಜ್ ಆದ್ರೆ ಆಪರೇಷನ್ ಮಾಡ್ತಾರೆ."

"ಅವನಿಗೇನು, ಅವನ ದೇಶ. ಸತ್ರ ಅಜ್ಜನ ಪಕ್ಕ ಮಲಗಿಸ್ತಾರ."

"ನಿಮ್ದು ಯಾವಾಗ್ಲೂ ಹಿಂಗಾ," ಎಂದಳು ಮೈಮೂನಾ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ. ಹರಿಹರದವಳು, ಮದುವೆಯಾಗಿ ಬಂದ ವರ್ಷ ಗಂಡನಿಗೆ ಊಟದ ಡಬ್ಬಿ ಒಯ್ದು ಕೊಟ್ಟದ್ದು ಅದೇ ಗಿರಣಿಯ ಚಪ್ಪರಕ್ಕೆ. "ಗೇಟ್ ಮುಚ್ಚಿದ್ ಕಂಡ್ರ ಸಾಕು, ಧರಣಿ ಕೂಡ್ತೀರಿ. ಅದು ಆಸ್ಪತ್ರಿ ಐತ್ರಿ, ಮಿಲ್ ಅಲ್ಲ."

ಅವನು ಕೇಳಲಿಲ್ಲ. ಜನವರಿಯ ಹಿಮದಲ್ಲಿ ಹೊರಟು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಲಗಿದ. ಅಲ್ಲಿಯ ಸರ್ಜನ್ ಮೋಸಗಾರನಲ್ಲ. ಹೇಳಬೇಕಾದ್ದನ್ನೆಲ್ಲ ಕೂರಿಸಿಕೊಂಡು ಹೇಳಿದ: ಉಚ್ಚೆ ಹಿಡಿಯುವ ಶಕ್ತಿ ಹಲವರಿಗೆ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ, ಗಂಡಸುತನದ್ದೂ ಅದೇ ಕಥೆ. ಖಲೀಲುಲ್ಲಾ ಎಲ್ಲವನ್ನೂ ಕೇಳಿಸಿಕೊಂಡ. ಕೆಲವರು ಎಂದಾಗ ಬೇರೆ ಯಾರೋ ಎಂದುಕೊಂಡ. ತೆಗೆದ ಗ್ರಂಥಿಯನ್ನು ನೋಡಿದ ಅಲ್ಲಿಯ ಲ್ಯಾಬಿನವರು, ಕ್ಯಾನ್ಸರ್ ಗ್ರಂಥಿಯಿಂದ ಹೊರಗೆ ಬಂದಿರಲಿಲ್ಲ ಎಂದರು. ಗೆದ್ದೆ ಎಂದುಕೊಂಡು ಬಂದ. ಅದೇ ಬಿಸಿಯಲ್ಲಿ ಯುಗಾದಿಯ ಭಾಷಣ.

ಉಮೆಯೊದಿಂದ ಸುದ್ದಿ ಬಂದದ್ದು ಮೇ ತಿಂಗಳಲ್ಲಿ. ಮಾಲಿನ್ ಕರೆಸಿಕೊಂಡಳು. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ಚಿತ್ರ ತೋರಿಸಿದಳು. ಪರದೆಯ ತುಂಬ ಕಂದು ಬಣ್ಣ, ಚಹಾ ಚೆಲ್ಲಿದ ಹಾಗೆ. ಬ್ರೇಕು ಇತ್ತು. ಎಲ್ಲ ಕಡೆಯೂ ಇತ್ತು. ಒಡೆಯಲು ಹೊರಟ ಕೋಶಗಳು ಅಲ್ಲೊಂದು ಇಲ್ಲೊಂದು, ಹುಡುಕಿದರೆ ಮಾತ್ರ.

"ಹಾಗಾದರೆ ಆಪರೇಷನ್ ಬೇಕಿರಲಿಲ್ಲವೇ?" ಎಂದು ಕೇಳಿದ.

ಮಾಲಿನ್ ಪರದೆ ಬಿಟ್ಟು ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಾನು ಹೇಳಿರಲಿಲ್ಲವೇ ಎಂಬ ಭಾವ ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ಅದಿರಲಿಲ್ಲ.

"ಎಂದೆಂದಿಗೂ ಬೇಕಾಗುತ್ತಿರಲಿಲ್ಲ ಎಂದು ಹೇಳಲಾರೆ," ಎಂದಳು. "ಬಣ್ಣ ನೋಡಿ ಭವಿಷ್ಯ ಹೇಳಲು ಬರುವುದಿಲ್ಲ. ಸಮಯವಿತ್ತು ಎಂದಷ್ಟೇ ಹೇಳಬಲ್ಲೆ. ಬಹಳ ಸಮಯ."

ಮನೆಗೆ ಬಂದು ಮೈಮೂನಾಗೆ ಹೇಳಿದ. ಅವಳು ಈ ಸಲ ಮಿಲ್ಲಿನ ಮಾತು ಎತ್ತಲಿಲ್ಲ. "ಉಣ್ಣಾಕ ಬರ್ರಿ" ಎಂದಳು. ಮೂವತ್ತೈದು ವರ್ಷ ಅವನ ಜೊತೆ ಗುದ್ದಾಡಿದ ಹೆಂಗಸು ಗುದ್ದಾಟ ಬಿಟ್ಟದ್ದೇ ಅವನಿಗೆ ಭಾರವಾಯಿತು. ಇಬ್ಬರ ನಡುವೆ ಹಾಸಿಗೆಯಲ್ಲಿದ್ದ ಮಾತೂ ಆಪರೇಷನ್ನಿನೊಂದಿಗೇ ಹೋಗಿತ್ತು. ವಯಸ್ಸಾಯಿತು ಬಿಡಿ ಎಂದು ಅವಳೇ ಒಮ್ಮೆ ಅಂದಿದ್ದಳು. ಅರವತ್ತೆರಡು ವಯಸ್ಸೇ? ಆ ಬೆಚ್ಚಗಿನದು ಜನವರಿಯತನಕ ಇತ್ತಲ್ಲ.

ತಿಂಗಳುಗಳು ಮುಗಿದವು, ಸೋರುವುದು ಮುಗಿಯಲಿಲ್ಲ. ಕೆಮ್ಮಿದರೆ, ಬಗ್ಗಿದರೆ, ಭಾರ ಎತ್ತಿದರೆ. ಸ್ನಾಯು ಬಿಗಿಹಿಡಿಯುವ ವ್ಯಾಯಾಮವನ್ನು ನರ್ಸ್ ಹೇಳಿಕೊಟ್ಟಿದ್ದಳು, ಮಾಡಿದ, ಅಷ್ಟಕ್ಕಷ್ಟೇ. ಸರ್ಕಾರದ ಪ್ಯಾಡಿನ ಪೆಟ್ಟಿಗೆಗಳು ಮನೆಬಾಗಿಲಿಗೆ ಬರುತ್ತಿದ್ದವು. ಅವನ್ನು ನೆಲಮಾಳಿಗೆಯ ಉಗ್ರಾಣದಲ್ಲಿ, ಫರ್ಹತ್‌ಳ ಹಳೆಯ ಜಾರುಬಂಡಿಯ ಹಿಂದೆ ಬಚ್ಚಿಡುತ್ತಿದ್ದ.

ಆದರೆ ಅವನನ್ನು ನಿಜವಾಗಿ ಹಿಂದಕ್ಕೆ ದೂಡಿದ್ದು ನಮಾಜು. ಅಪಾರ್ಟ್‌ಮೆಂಟುಗಳ ಕೆಳಗಿನ ಒಂದು ಕೋಣೆಯಲ್ಲಿ ಕರ್ನಾಟಕದ ಹತ್ತಾರು ಮನೆಯವರು ಶುಕ್ರವಾರ, ರಂಜಾನಿನಲ್ಲಿ ಸೇರುತ್ತಿದ್ದರು. ಹಿರಿಯನೆಂದು, ಕುರಾನಿನ ಉದ್ದದ ಸೂರಾಗಳು ಬಾಯಿಗೆ ಬರುತ್ತವೆಂದು ಖಲೀಲುಲ್ಲಾನೇ ಮುಂದೆ ನಿಂತು ನಮಾಜು ಓದಿಸುತ್ತಿದ್ದ. ಸೋರುವವನು ಹೊತ್ತುಹೊತ್ತಿಗೂ ಹೊಸದಾಗಿ ಕೈಕಾಲು ಮುಖ ತೊಳೆದು ವಜೂ ಮಾಡಿ ತನ್ನ ನಮಾಜು ತಾನು ಮಾಡಬಹುದು. ಸೋರದವರಿಗೆ ಇಮಾಮನಾಗಿ ನಿಲ್ಲುವಂತಿಲ್ಲ. ಅದು ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದ ಕಟ್ಟಳೆ. ಕಾರಣ ಹೇಳಲು ನಾಲಿಗೆ ಏಳಲಿಲ್ಲ. ಮೊಣಕಾಲು ನೋವು ಎಂದ. ಹೇಳಿದ ಮೇಲೆ ಆ ಸುಳ್ಳಿಗೆ ಕೂಲಿ ತೆರಬೇಕಾಯಿತು: ಗಟ್ಟಿಮುಟ್ಟಾದ ಮೊಣಕಾಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು ನಮಾಜು. ಮುಂದೆ ಹಾವೇರಿ ಕಡೆಯ ಒಬ್ಬ ಎಂಜಿನಿಯರ್ ನಿಂತು ಓದಿಸುತ್ತಿದ್ದ, ಗಡಿಬಿಡಿಯಲ್ಲಿ, ರೈಲು ಹಿಡಿಯುವವನ ಹಾಗೆ. ಜನ ಮಾತಾಡಿಕೊಂಡರು. ಸಾಹೇಬ್ರಿಗೆ ಯಾರ ಮೇಲೋ ಮುನಿಸಿದೆಯಂತೆ ಎಂದು ಒಬ್ಬ, ಆಪರೇಷನ್ ಆದಮೇಲೆ ದೊಡ್ಡ ಮನುಷ್ಯ ಆಗಿಬಿಟ್ರು ಎಂದು ಇನ್ನೊಬ್ಬ.

ಸೆಪ್ಟೆಂಬರಿನಲ್ಲಿ ನಂದಕುಮಾರ ಫೋನ್ ಮಾಡಿದ.

"ಸಾಹೇಬ್ರೇ, ನಾನೂ ನಿಮ್ಮ ಕ್ಲಬ್ ಸೇರ್ಕೊಂಡೆ," ಎಂದು ನಕ್ಕ. ನಗು ಸರಿಯಾಗಿ ಬರಲಿಲ್ಲ. "ಸೇಮ್ ಟು ಸೇಮ್. ಲೋ ಗ್ರೇಡಂತೆ. ಪೀಸ್‌ನ ಉಮೆಯೊಗೆ ಕಳಿಸ್ತಾರಂತೆ, ಕಲರ್ ಹಾಕಿ ನೋಡ್ತಾರಂತೆ, ಅಲ್ಲಿವರೆಗೂ ವೆಯ್ಟ್ ಮಾಡಿ ಅಂತಾರೆ. ರಾತ್ರಿ ನಿದ್ದೆ ಬರಲ್ಲ ಕಣ್ರೀ. ನೀವ್ ಹೇಳಿದ್ರಲ್ಲ ಹಾವಿನ ಕಥೆ, ಅದೇ ಕಣ್ಮುಂದೆ ಬರುತ್ತೆ. ಆ ಡಾಕ್ಟರ್ ನಂಬರ್ ಕೊಡ್ತೀರಾ?"

ಬಾಯಿ ತೆರೆದರೆ ಸಾಕಿತ್ತು. ಬಾಯಿ ತೆರೆದ. "ಒಳ್ಳೆ ಡಾಕ್ಟ್ರು. ಕಳಿಸ್ತೀನಿ" ಎಂಬ ಮಾತು ಬಂತು. ನಂಬರೂ ಹೋಯಿತು.

ಮೈಮೂನಾ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಿದಳು. "ಹೇಳಲಿಲ್ಲಲ್ಲ ನೀವು."

"ಎಲ್ಲಾರ್ಗೂ ನನ್ನಂಗ ಆಗಬೇಕಂತ ಏನೈತಿ? ಎಷ್ಟೋ ಮಂದಿ ಚೊಲೊ ಆಗ್ಯಾರ."

"ಆಗ್ಯಾರ. ಅದನ್ನ ಅವರಿಗೆ ಹೇಳಿ, ನಿಮ್ದೂ ಹೇಳಿ, ಆಮ್ಯಾಲ ನಂಬರ್ ಕೊಡಬೇಕಿತ್ತು." ಅವಳು ಒಂದು ಟವೆಲ್ಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಮಿಲ್ಲಿನ ಆಫೀಸರ್‌ಗೆ ಅಂಜದವರು ನೀವು. ಯಾರಿಗ್ ಅಂಜ್ತಿದೀರಿ ಈಗ?"

ಅವನು ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆಗಳು ಹೋಗುತ್ತ ಹೋದವು. ಬಸ್ಸಿನಲ್ಲಿ ಫೋನ್ ತೆಗೆದು ನಂದಕುಮಾರನ ಹೆಸರಿನ ತನಕ ಬೆರಳು ಒಯ್ದು, ತನ್ನ ನಿಲ್ದಾಣ ಬಂತೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ನವೆಂಬರಿನ ರಾಜ್ಯೋತ್ಸವಕ್ಕೆ ಅದೇ ಶಾಲೆಯ ಹಾಲು. ಮಕ್ಕಳು ಸ್ವೀಡಿಷ್ ಉಚ್ಚಾರದ ಕನ್ನಡದಲ್ಲಿ ಹಾಡುತ್ತಿದ್ದರು. ಖಲೀಲುಲ್ಲಾ ಈಚೆಗೆ ರೂಢಿಸಿಕೊಂಡಿದ್ದ ಜಾಗದ ಕಡೆಗೆ ನಡೆದ. ಅದು ಹಿಂದಿನ ಬಾಗಿಲ ಪಕ್ಕ, ಬಾತ್‌ರೂಮ್ ಹತ್ತಿರ. ಅಲ್ಲಿ ಆಗಲೇ ಒಬ್ಬ ಕೂತಿದ್ದ. ಉಪ್ಸಾಲಾದ ವಿಠ್ಠಲ. ವಯಸ್ಸಿನಲ್ಲಿ ಖಲೀಲುಲ್ಲಾನಿಗಿಂತ ಹತ್ತು ವರ್ಷ ಚಿಕ್ಕವ. ಕಪ್ಪು ಪ್ಯಾಂಟು. ತೊಡೆಯ ಮೇಲೆ ಜಾಕೆಟ್ ಮಡಿಸಿ ಇಟ್ಟುಕೊಂಡಿದ್ದ, ಹಾಲಿನಲ್ಲಿ ಹೀಟರಿನ ಸೆಕೆಯಿದ್ದರೂ.

"ಬನ್ನಿ ಸಾಹೇಬ್ರೇ. ನನಗೂ ಅದೇ ಕ್ಯಾನ್ಸರ್ ಸಿಕ್ತು. ಬೇಸಿಗೇಲಿ ಹೋಗಿ ತೆಗೆಸ್ಕೊಂಡ್ ಬಂದೆ, ನಿಮ್ಮ ಡಾಕ್ಟರ್ ಹತ್ರಾನೇ."

"ಬಣ್ಣದ ಪರೀಕ್ಷೆ ಮಾಡಿಸಿದ್ರಾ ಹೋಗೋಕೆ ಮುಂಚೆ?"

"ಇಲ್ಲ. ಇಲ್ಲಿ ಡಾಕ್ಟ್ರು ಕೇಳಿದ್ರು, ನಾನೇ ಬೇಡ ಅಂದೆ. ಏನಕ್ಕೆ ಟೈಮ್ ವೇಸ್ಟ್ ಅಂತ." ವಿಠ್ಠಲ ಅವನ ಪ್ಯಾಂಟನ್ನು ನೋಡಿದ. ಬಾತ್‌ರೂಮಿನ ಬಾಗಿಲನ್ನು ನೋಡಿದ. ಆಮೇಲೆ ದನಿ ತಗ್ಗಿಸಿದ. "ನಿಮಗೂನಾ?"

"ಹ್ಞೂಂ."

"ಇನ್ನೂ?"

"ಇನ್ನೂ."

ವಿಠ್ಠಲ ವೇದಿಕೆಯ ಕಡೆ ಮುಖ ತಿರುಗಿಸಿದ. ಹಾಡು ಮುಗಿದು ಎಲ್ಲರೂ ಚಪ್ಪಾಳೆ ತಟ್ಟುವಾಗ, ತಾನೂ ತಟ್ಟುತ್ತಲೇ, "ಅವತ್ತು ಅದನ್ನೂ ಹೇಳ್ಬೋದಿತ್ತು ನೀವು" ಎಂದ. ಬೈದಿದ್ದರೆ ಖಲೀಲುಲ್ಲಾ ತಡೆದುಕೊಳ್ಳುತ್ತಿದ್ದ. ವಿಠ್ಠಲ ಬೈಯಲಿಲ್ಲ. ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು, ಕೂತ್ಕೊಳ್ಳಿ ಎಂಬಂತೆ ಜಾಗ ಮಾಡಿಕೊಟ್ಟ. ಖಲೀಲುಲ್ಲಾ ಕೂತ.

ನಂದಕುಮಾರ ಅಂದು ಬಂದಿರಲಿಲ್ಲ. ಯಾಕೆಂದು ಮೈಮೂನಾ ವಿಚಾರಿಸಿಕೊಂಡು ಬಂದಳು: ಮುಂದಿನ ವಾರವೇ ಬೆಂಗಳೂರಿಗೆ ಹೊರಟಿದ್ದಾರೆ, ಆಪರೇಷನ್ನಿಗೆ ದಿನ ಗೊತ್ತಾಗಿದೆ, ಪದ್ಮಿನಿ ಸೂಟ್‌ಕೇಸ್ ತುಂಬುತ್ತಿದ್ದಾಳೆ.

ಮಾರನೆಯ ಬೆಳಿಗ್ಗೆ ಖಲೀಲುಲ್ಲಾ ಲಿಂಕೋಪಿಂಗ್ ರೈಲು ಹತ್ತಿದ. ಫೋನಿನಲ್ಲಿ ಹೇಳಿದರೆ ಮತ್ತೆ ನಾಲಿಗೆ ಕೈಕೊಡುತ್ತದೆಂದು ಅವನಿಗೆ ಗೊತ್ತಿತ್ತು. ನಿಲ್ದಾಣದಿಂದ ಬಸ್ಸು, ಬಸ್ಸಿನಿಂದಿಳಿದು ಸೈಕಲ್ಲುಗಳ ದಾರಿ ಹಿಡಿದು ನಡಿಗೆ. ಬೆಲ್ ಒತ್ತುವ ಮುಂಚೆ ಒಂದು ಬರ್ಚ್ ಮರದ ಹಿಂದೆ ನಿಂತು ಪ್ಯಾಂಟು ಮುಟ್ಟಿ ನೋಡಿಕೊಂಡ. ಒಣಗಿತ್ತು.

"ಏನ್ ಸಾಹೇಬ್ರೇ, ಬೀಳ್ಕೊಡೋಕೆ ಇಷ್ಟು ದೂರ ಬಂದ್ರಾ?" ನಂದಕುಮಾರ ಬಾಗಿಲಲ್ಲೇ ಕೈ ಹಿಡಿದು ಒಳಗೆಳೆದ. ಹಾಲಿನಲ್ಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಪದ್ಮಿನಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು.

"ಬೀಳ್ಕೊಡೋಕಲ್ಲ. ಪದ್ಮಿನಿಯವ್ರು ಸ್ವಲ್ಪ ಒಳಗೆ ಹೋದ್ರೆ, ಒಂದ್ ಮಾತಿತ್ತು."

"ನಾನ್ಯಾಕ್ ಹೋಗ್ಲಿ ಭಾಯ್," ಎಂದು ಪದ್ಮಿನಿ ಸೋಫಾದ ಮೇಲೆ ಕೂತೇಬಿಟ್ಟಳು. "ಇವರ ಆಪರೇಷನ್ ಆದ್ಮೇಲೆ ಆಸ್ಪತ್ರೆಲಿ ಕೂರೋಳು ನಾನೇ. ಹೇಳಿ."

ಬರುವಾಗ ರೈಲಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದ. ಮೊದಲು ಬಣ್ಣದ ಪರೀಕ್ಷೆ, ಆಮೇಲೆ ಮಾಲಿನ್ ಹೇಳಿದ್ದು, ಕೊನೆಗೆ ತನ್ನದು. ಆ ಜೋಡಣೆ ಎಲ್ಲಿ ಹೋಯಿತೋ.

"ನಾನು ಸೋರ್ತೀನಿ ನಂದಕುಮಾರ್. ಆಪರೇಷನ್ ಆದಾಗಿಂದ. ಈಗ್ಲೂ ಕಟ್ಕೊಂಡೇ ಬಂದಿದೀನಿ. ಹೆಂಡ್ತಿ ಜೊತೆದೂ ಮುಗೀತು. ನಮಾಜ್ ಓದಿಸೋ ಹಾಗಿಲ್ಲ, ಅದಕ್ಕೆ ಮೊಣಕಾಲು ಅಂತ ನಾಟಕ."

ಉಪ್ಪಿಟ್ಟಿಗೆ ಹಾಕಿದ ಚಮಚ ನಂದಕುಮಾರನ ಕೈಯಲ್ಲೇ ನಿಂತಿತು.

"ಯುಗಾದೀಲಿ..."

"ಯುಗಾದೀಲಿ, ಹೋಗುತ್ತೆ ಅಂದ್ಕೊಂಡಿದ್ದೆ."

"ನಾನ್ ಫೋನ್ ಮಾಡ್ದಾಗ?"

ಖಲೀಲುಲ್ಲಾ ಸೂಟ್‌ಕೇಸನ್ನು ನೋಡಿದ. ಮಡಿಸಿಟ್ಟ ಪೈಜಾಮಗಳು, ಒಂದು ಹೊಸ ಚಪ್ಪಲಿ. "ಗೊತ್ತಿತ್ತು. ಹೋಗಲ್ಲ ಅಂತ ಗೊತ್ತಿತ್ತು. ನಂದು ತೆಗೆಸ್ಬೇಕಾದ ಅರ್ಜೆಂಟ್ ಇರ್ಲಿಲ್ಲ ಅಂತಾನೂ ಗೊತ್ತಾಗಿತ್ತು. ಉಮೆಯೊದೋರು ನೋಡಿ ಹೇಳಿದ್ರು, ಬ್ರೇಕು ಗಟ್ಟಿಯಾಗಿತ್ತಂತೆ."

"ಗೊತ್ತಿದ್ದೂ ನಂಬರ್ ಕೊಟ್ರಿ."

"ಕೊಟ್ಟೆ."

"ಯಾಕ್ರೀ?"

ಅವನ ಬಳಿ ಉತ್ತರವಿತ್ತು. ಅದು ಚಿಕ್ಕದು, ಹೊಲಸು. ಚಪ್ಪಾಳೆ ತಟ್ಟಿಸಿಕೊಂಡ ಮನುಷ್ಯನಾಗಿ ಇನ್ನೊಂದಿಷ್ಟು ದಿನ ಉಳಿಯಬೇಕಿತ್ತು. "ನಾಚಿಕೆ ಆಯ್ತು" ಎಂದಷ್ಟೇ ಹೇಳಿದ.

"ನಿಮ್ಮ ನಾಚಿಕೆಗೆ ನನ್ನ ಕೊಯ್ಸೋಕ್ ಹೊರಟಿದ್ರಾ?" ನಂದಕುಮಾರ ದನಿ ಎತ್ತಲಿಲ್ಲ. ತಟ್ಟೆಯನ್ನು ದೂರ ಸರಿಸಿದ. "ಇಷ್ಟು ವರ್ಷ ನಮ್ಮ ಮನೇಲಿ ಊಟ ಮಾಡಿದೀರಿ."

"ಮಾಡಿದೀನಿ." ಖಲೀಲುಲ್ಲಾ ಮುಂದಕ್ಕೆ ಬಾಗಿದ. "ತೆಗೆಸ್ಬೇಡಿ ಅನ್ನೋಕೆ ನಾನ್ ಬಂದಿಲ್ಲ. ಡಾಕ್ಟ್ರೂ ಕೆಟ್ಟೋರಲ್ಲ. ನಿಮ್ಮ ಪೀಸಲ್ಲಿ ಬ್ರೇಕ್ ಇಲ್ಲ ಅಂತ ಬಂದ್ರೆ ತೆಗೆಸ್ಲೇಬೇಕಾಗ್ಬೋದು, ಆವಾಗ ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ. ಆದ್ರೆ ಅದು ಬರೋತನಕ ಇರಿ. ಅಷ್ಟೇ ನಾನ್ ಕೇಳೋದು."

"ನೀವ್ ಇರ್ಲಿಲ್ಲ."

"ಇರ್ಲಿಲ್ಲ."

ಪದ್ಮಿನಿ ಎದ್ದಳು. ಸೂಟ್‌ಕೇಸಿನ ಪಕ್ಕ ಮಂಡಿಯೂರಿ ಗಂಡನ ಪೈಜಾಮಗಳನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಕಪಾಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ವಾಪಸ್ಸು ಬಂದು ಚಪ್ಪಲಿಯನ್ನೂ ತೆಗೆದಳು. ನಂದಕುಮಾರ ತಡೆಯಲಿಲ್ಲ.

"ಮೈಮೂನಾಗೆ ಗೊತ್ತಾ, ನೀವು ಇಲ್ಲಿಗೆ ಬಂದಿರೋದು?" ಎಂದು ಕೇಳಿದಳು.

"ಗೊತ್ತು. ಮೊದ್ಲೇ ಹೇಳಿ ಅಂದಿದ್ದೂ ಅವಳೇ."

"ಪಾಪ ಅವಳು," ಎಂದಳು ಪದ್ಮಿನಿ. ಅವನಿಗೆ ಪಾಪ ಎನ್ನಲಿಲ್ಲ. ಅದು ನ್ಯಾಯವೇ ಎಂದು ಅವನಿಗೂ ಅನ್ನಿಸಿತು.

ಬಾಗಿಲ ತನಕ ಬಂದದ್ದು ನಂದಕುಮಾರ ಒಬ್ಬನೇ. ಶೂ ಹಾಕಿಕೊಳ್ಳಲು ಖಲೀಲುಲ್ಲಾ ಬಗ್ಗಿದ. ಬಗ್ಗಿದಾಗ ಆಗುವುದು ಆಯಿತು. ಏಳುವಾಗ ಮುಖ ತಿರುಗಿಸಿಕೊಂಡೇ ಎದ್ದ. ನಂದಕುಮಾರ ಅದನ್ನು ಕಂಡ. ಅವನ ಸಿಟ್ಟು ಒಂದಿಷ್ಟು ಇಳಿದಂತಿತ್ತು. ಪೂರ್ತಿ ಇಳಿಯಲಿಲ್ಲ.

"ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಪೀಸ್ ರಿಸಲ್ಟ್ ಬರ್ಲಿ, ಆಮೇಲೆ ನೋಡೋಣ," ಎಂದ. "ಆದ್ರೆ ಸ್ವಲ್ಪ ದಿನ ನೀವು ಫೋನ್ ಮಾಡ್ಬೇಡಿ ಸಾಹೇಬ್ರೇ. ನಾನೇ ಮಾಡ್ತೀನಿ, ಮಾಡ್ಬೇಕು ಅನ್ಸಿದಾಗ."

ಆ ಅನ್ಸಿದಾಗ ಬರಲೇ ಇಲ್ಲ. ಸಂಕ್ರಾಂತಿ ಹೋಯಿತು. ಶುಕ್ರವಾರದ ಕೋಣೆಯಲ್ಲಿ ಖಲೀಲುಲ್ಲಾ ಒಂದು ದಿನ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು ಎಲ್ಲರಂತೆ ಸಾಲಿನಲ್ಲಿ ಬಂದು ನಿಂತ. ಮೊಣಕಾಲು ಸರಿಹೋಯಿತೇ, ಹಾಗಾದರೆ ಮುಂದೆ ಬನ್ನಿ ಎಂದು ಹಾವೇರಿಯವನು ಕರೆದ. "ಮೊಣಕಾಲು ಯಾವತ್ತೂ ಸರಿಯಾಗೇ ಇತ್ತಪ್ಪ. ನನಗೆ ಉಚ್ಚೆ ನಿಲ್ಲಲ್ಲ. ನೀನೇ ಓದ್ಸು, ಸ್ವಲ್ಪ ನಿಧಾನಕ್ಕೆ ಓದ್ಸು" ಎಂದ. ಒಬ್ಬಿಬ್ಬರು ನೆಲ ನೋಡಿದರು. ನಮಾಜು ನಡೆಯಿತು. ಅಷ್ಟು ಸಲೀಸಾಗಿ ಹೇಳಬಹುದಾಗಿದ್ದ ಮಾತನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ವಿಠ್ಠಲನ ಬದುಕಿಗೆ ಕಲ್ಲು ಹಾಕಿದೆನಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಸುಡುತ್ತಿತ್ತು. ವಿಠ್ಠಲನಿಗೆ ಎರಡು ಸಲ ಫೋನ್ ಮಾಡಿದ. ವಿಠ್ಠಲ ಎತ್ತಿದ, ಮರ್ಯಾದೆಯಿಂದಲೇ ಮಾತಾಡಿದ, ಹವೆಯ ಬಗ್ಗೆ.

ಹಿಮ ಕರಗುವ ಹೊತ್ತಿಗೆ ಕಾರ್ಖಾನೆಯ ಫೀಕಾ ಎಂಬ ಕಾಫಿ ಬಿಡುವಿನಲ್ಲಿ, ಲೋಟ ಕೈಯಲ್ಲಿದ್ದಾಗ ನಂದಕುಮಾರನ ಸಂದೇಶ ಬಂತು. ಅಷ್ಟುದ್ದದ ಸ್ನೇಹಕ್ಕೆ ಒಂದೇ ಸಾಲು: ಎಲ್ಲ ಬ್ರೌನ್ ಬಂದಿದೆ, ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ.

ಖಲೀಲುಲ್ಲಾನ ಎದೆ ಹಗುರಾಯಿತು. ಅಲ್‌ಹಮ್ದುಲಿಲ್ಲಾಹ್ ಎಂದು ಬೆರಳು ಒತ್ತತೊಡಗಿತು. ಅರ್ಧ ಒತ್ತುವಷ್ಟರಲ್ಲಿ, ಎಲ್ಲಿಂದಲೋ ಇನ್ನೊಂದು ಯೋಚನೆ ತಲೆ ಎತ್ತಿತು: ಅವನದ್ದು ಬಿಳಚಿಕೊಂಡಿರಬಾರದಿತ್ತೇ? ಅವನನ್ನೂ ಕೊಯ್ಯಬಾರದಿತ್ತೇ? ಆಗ ತಾನೊಬ್ಬನೇ ಮೂರ್ಖನಾಗುತ್ತಿರಲಿಲ್ಲ. ತನ್ನ ಯೋಚನೆಯನ್ನು ಕಂಡು ಅವನಿಗೇ ಹೇಸಿಗೆಯಾಯಿತು. ಉಳಿದರ್ಧ ಒತ್ತಿ ಕಳಿಸಿ, ಕಾಫಿಯನ್ನು ಸಿಂಕಿಗೆ ಚೆಲ್ಲಿದ.

ಸಂಜೆ ಮನೆಗೆ ಬಂದಾಗ ಮೈಮೂನಾ ಕಿಟಕಿಯ ಬಳಿ ಕೂತಿದ್ದಳು. ದೀಪ ಹಾಕಿರಲಿಲ್ಲ.

"ಪದ್ಮಿನಿ ಫೋನ್ ಮಾಡಿದ್ಲು," ಎಂದಳು.

"ನನಗೂ ಮೆಸೇಜ್ ಬಂತು." ಜಾಕೆಟ್ ಬಿಚ್ಚಿ ಮೊಳೆಗೆ ಹಾಕಿದ. ಹೇಳಲೋ ಬೇಡವೋ ಎಂದು ನಿಂತ. ಹೇಳದೆ ಇಟ್ಟುಕೊಂಡದ್ದರ ಫಲ ಸಾಕಷ್ಟು ಉಂಡಾಗಿತ್ತು. "ಖುಷಿ ಆತು ಮೈಮೂ. ಅದರ ಬೆನ್ನಿಗೇ ಹೊಟ್ಟಿಕಿಚ್ಚೂ ಆತು. ಅವಂದು ಕೆಟ್ಟದ್ ಬರಬೇಕಿತ್ತು ಅನ್ನಿಸ್ತು. ಒಂದ್ ಗಳಿಗಿ."

ಹೊರಗೆ ಬಸ್ಸೊಂದು ಬಂದು ನಿಂತು, ಯಾರನ್ನೋ ಇಳಿಸಿ ಹೋಯಿತು.

"ಪದ್ಮಿನಿ ನಗ್ತಾ ನಗ್ತಾ ಹೇಳಿದ್ಲು," ಎಂದಳು ಕೊನೆಗೆ, ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು. "ಚೊಲೊ ಆತವ್ವ ಅಂತ ನಾನೂ ಅಂದೆ. ಫೋನ್ ಇಟ್ಟ ಮ್ಯಾಲ ಇಲ್ಲಿ ಬಂದು ಕುಂತೀನಿ. ಅಡಿಗಿ ಮಾಡಿಲ್ಲ. ನಂಗೂ ಹೊಟ್ಟಿ ಉರೀತು ನೋಡ್ರಿ."